ಐಸ್‌ಕ್ರೀಮ್ ಎಷ್ಟು ಲೀಟರ್ ತರೋಣ?

ಊಟದ ಲೆಕ್ಕದಲ್ಲಿ ನಮ್ಮವರು ಗಟ್ಟಿಗರು. ನೂರು ಎಲೆಗೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಹೋಳಿಗೆಗೆ ಎಷ್ಟು ಹೂರಣ ಎಂಬುದನ್ನು ಕಾಗದ ಪೆನ್ನು ಮುಟ್ಟದೆ ಹೇಳುವ ಅಜ್ಜಿಯರೂ ಅಡುಗೆ ಭಟ್ಟರೂ ಈಗಲೂ ಸಿಗುತ್ತಾರೆ. ಆದರೆ ಅದೇ ಮನೆಯಲ್ಲಿ ಮಗುವಿನ ಹುಟ್ಟುಹಬ್ಬಕ್ಕೆ ಐಸ್‌ಕ್ರೀಮ್ ಎಷ್ಟು ತರಬೇಕು ಎಂದು ಕೇಳಿ ನೋಡಿ, ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಕೊನೆಗೆ ಯಾರೋ ಒಬ್ಬರು, 'ಎರಡು ದೊಡ್ಡ ಡಬ್ಬ ತಂದುಬಿಡಿ, ಉಳಿದರೆ ಉಳೀತದೆ' ಎಂದು ತೀರ್ಪು ಕೊಡುತ್ತಾರೆ.

ಅಡುಗೆಯ ಲೆಕ್ಕ ನಮಗೆ ಸುಲಭವಾಗಿರುವುದಕ್ಕೆ ಕಾರಣ ಬರೀ ಅನುಭವವಲ್ಲ. ಕಡಿಮೆ ಬಿದ್ದರೆ ಹಿಗ್ಗಿಸುವುದಕ್ಕೂ ಹೆಚ್ಚಾದರೆ ದಾಟಿಸುವುದಕ್ಕೂ ಅಲ್ಲಿ ದಾರಿಯುಂಟು. ಸಾರಿಗೆ ಒಂದು ಚೊಂಬು ಬಿಸಿನೀರು ಬಿದ್ದರೆ ಇನ್ನೊಂದು ಪಂಕ್ತಿ ಏಳುತ್ತದೆ. ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ. ಐಸ್‌ಕ್ರೀಮಿಗೆ ಈ ಎರಡು ದಾರಿಯೂ ಮುಚ್ಚಿವೆ. ಅದನ್ನು ಹಿಗ್ಗಿಸಲಾಗದು, ಫ್ರೀಜರಿನಲ್ಲಿ ಜಾಗ ಇಲ್ಲದಿದ್ದರೆ ಇಡಲೂ ಆಗದು. 'ಕಡಿಮೆ ಬೀಳಬಾರದು' ಎಂಬ ನಮ್ಮ ಮನೆಗಳ ಹಳೆಯ ಹಟವನ್ನು ಹಾಗೇ ಇದಕ್ಕೂ ಹಚ್ಚಿದರೆ, ಸಂಜೆ ಏಳಕ್ಕೆ ತಂದ ದುಡ್ಡು ಒಂಬತ್ತಕ್ಕೆ ಸಿಂಕಿನಲ್ಲಿ ಹರಿದು ಹೋಗುತ್ತದೆ. ಹಾಗಾಗಿ ಲೆಕ್ಕ ಮೊದಲೇ ಆಗಬೇಕು. ಅದೂ ಬರೀ ತಲೆ ಎಣಿಸಿದರೆ ಮುಗಿಯುವ ಲೆಕ್ಕವಲ್ಲ. ಬಡಿಸುವ ಕೈ, ಬಡಿಸುವ ಸಮಯ, ಮನೆಯ ಫ್ರೀಜರು, ಇವು ಮೂರೂ ತಲೆಗಳಷ್ಟೇ ಮುಖ್ಯ.

ಮೊದಲು ಡಬ್ಬದ ಮೇಲಿನ ಅಂಕಿ ನೋಡೋಣ. ಹಾಲು ಲೀಟರಿನಲ್ಲಿ, ತುಪ್ಪ ಕೆ.ಜಿ.ಯಲ್ಲಿ ಕೊಂಡು ನಮಗೆ ಅಭ್ಯಾಸ. ಐಸ್‌ಕ್ರೀಮನ್ನೂ ಲೀಟರಿನಲ್ಲೇ ಮಾರುತ್ತಾರೆ, ಆದರೆ ಆ ಲೀಟರಿನೊಳಗೆ ಗಾಳಿಯೂ ಇದೆ. ಹಾಲು, ಕೊಬ್ಬು, ಸಕ್ಕರೆಯ ಮಿಶ್ರಣವನ್ನು ಹೆಪ್ಪುಗಟ್ಟಿಸುತ್ತಲೇ ಕಡೆದು ಅದರೊಳಗೆ ಗಾಳಿ ಸೇರಿಸುತ್ತಾರೆ. ಗಾಳಿ ಇಲ್ಲದಿದ್ದರೆ ಅದು ಚಮಚ ಇಳಿಯದ ಹಾಲಿನ ಮಂಜುಗಡ್ಡೆಯಾಗುತ್ತಿತ್ತು, ಆದ್ದರಿಂದ ಇದನ್ನು ಮೋಸ ಎನ್ನುವಂತಿಲ್ಲ. ಒಂದು ಲೀಟರ್ ಮಿಶ್ರಣ ಉಬ್ಬಿ ಎರಡು ಲೀಟರ್ ಆದರೆ ಅದನ್ನು ನೂರು ಪರ್ಸೆಂಟ್ ಓವರ್‌ರನ್ ಎನ್ನುತ್ತಾರೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಐಸ್‌ಕ್ರೀಮ್ ಎಂದು ಕರೆಸಿಕೊಳ್ಳಬೇಕಾದರೆ ಲೀಟರಿಗೆ ಕನಿಷ್ಠ 525 ಗ್ರಾಂ ತೂಗಬೇಕು, ಹಾಲಿನ ಕೊಬ್ಬು ಕನಿಷ್ಠ ಶೇ 10ರಷ್ಟು ಇರಬೇಕು. ಅಂದರೆ 700 ಎಂ.ಎಲ್. ಫ್ಯಾಮಿಲಿ ಪ್ಯಾಕ್‌ನಲ್ಲಿ 368 ಗ್ರಾಂ ಇದ್ದರೂ ಕಾನೂನಿಗೆ ಸಾಕು. ಬೇರೆ ಬೇರೆ ಕಂಪನಿಯ ಎರಡು ಪ್ಯಾಕುಗಳನ್ನು ಅಂಗಡಿಯಲ್ಲೇ ಒಂದೊಂದು ಕೈಯಲ್ಲಿ ಹಿಡಿದು ನೋಡಿ. ಅಳತೆ ಒಂದೇ ಇದ್ದರೂ ಒಂದು ಕೈ ಕೆಳಗಿಳಿಯುತ್ತದೆ. ಭಾರದ್ದು ಹೊಟ್ಟೆ ತುಂಬಿಸುತ್ತದೆ. ಹಗುರದ್ದು ಬಾಯಲ್ಲಿಟ್ಟರೆ ಮಾಯ, ಇನ್ನೊಂದು ಬೇಕೆನಿಸುತ್ತದೆ. ಅಗ್ಗದ್ದನ್ನು ಕೊಳ್ಳುವುದಾದರೆ ಪ್ರಮಾಣ ಸ್ವಲ್ಪ ಏರಿಸಿಕೊಳ್ಳಬೇಕು, ಅಲ್ಲಿಗೆ ಅಗ್ಗದ ಲಾಭ ಅರ್ಧ ಹೋಯಿತು.

ಡಬ್ಬದ ಮೇಲೆ ಐಸ್‌ಕ್ರೀಮ್ ಎಂದಿದೆಯೋ ಫ್ರೋಜನ್ ಡೆಸರ್ಟ್ ಎಂದಿದೆಯೋ ಎಂಬುದನ್ನೂ ಓದಿಕೊಳ್ಳಿ. ಎರಡನೆಯದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಇರುತ್ತದೆ. ತಿನ್ನಬಾರದೆಂದೇನಿಲ್ಲ, ಏನು ತಿನ್ನುತ್ತಿದ್ದೇವೆಂದು ಗೊತ್ತಿರಲಿ.

ಇನ್ನು ಸ್ಕೂಪು. ಎಲ್ಲ ಲೆಕ್ಕ ತಪ್ಪುವುದು ಇಲ್ಲಿಯೇ. ಸಾಮಾನ್ಯವಾಗಿ ಸಿಗುವ ಸ್ಕೂಪಿನಲ್ಲಿ ಸಮತಟ್ಟಾಗಿ ತುಂಬಿದರೆ ಸುಮಾರು 60 ಎಂ.ಎಲ್. ಹಿಡಿಯುತ್ತದೆ. ಅನುಮಾನವಿದ್ದರೆ ನೀರು ತುಂಬಿ, ಮಕ್ಕಳ ಕೆಮ್ಮಿನ ಔಷಧದ ಜೊತೆ ಬರುವ ಅಳತೆ ಮುಚ್ಚಳದಲ್ಲಿ ಸುರಿದು ಎಣಿಸಿ. 4 ಲೀಟರಿನ ಟಬ್ಬಿಗೆ 60ರಂತೆ ಭಾಗಿಸಿದರೆ 66 ಸ್ಕೂಪ್ ಬರಬೇಕು. ಕಾಗದದ ಮೇಲೆ ಬರುತ್ತದೆ, ಬಟ್ಟಲಿಗೆ ಬರುವುದಿಲ್ಲ. ಸ್ಕೂಪನ್ನು ಟಬ್ಬಿನಲ್ಲಿ ಒತ್ತಿ ಎಳೆಯುವಾಗ ಒಳಗಿನ ಗಾಳಿ ಹೊರಬಿದ್ದು ಐಸ್‌ಕ್ರೀಮ್ ಅಡಕವಾಗುತ್ತದೆ. ಮೇಲೆ ಗುಂಡಗೆ ಒಂದಿಷ್ಟು ಉಬ್ಬಿಯೂ ಬರುತ್ತದೆ. ಬದಿಯಲ್ಲಿ, ತಳದಲ್ಲಿ ಅಂಟಿಕೊಂಡದ್ದು ಬೇರೆ. ಒಂದು ಸ್ಕೂಪಿಗೆ ಟಬ್ಬಿನಿಂದ 75 ಎಂ.ಎಲ್. ಖರ್ಚಾಗುತ್ತದೆ ಎಂದು ಇಟ್ಟುಕೊಂಡರೆ ಕ್ಷೇಮ. ಆಗ ಅದೇ ಟಬ್ಬಿನಲ್ಲಿ ಬರುವುದು 53. ಬಡಿಸುವವರು ಧಾರಾಳಿಯಾಗಿದ್ದರೆ ಅದೂ ಇಲ್ಲ. ಮನೆಯ ಯಜಮಾನರನ್ನೋ ಸೋದರಮಾವನನ್ನೋ ಸ್ಕೂಪಿಗೆ ನಿಲ್ಲಿಸಿದರೆ ಮೊದಲ ಇಪ್ಪತ್ತು ಜನಕ್ಕೆ ಗುಡ್ಡ, ಕೊನೆಯ ಹತ್ತು ಜನಕ್ಕೆ ತಳ ಕೆರೆದದ್ದು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳ ಕೈಗೆ ಕೊಡಿ, ಎಲ್ಲರಿಗೂ ಒಂದೇ ಅಳತೆ ಬೀಳುತ್ತದೆ.

ಈ ನಷ್ಟವೇ ಬೇಡವೆಂದರೆ ಇಟ್ಟಿಗೆಯಾಕಾರದ ರಟ್ಟಿನ ಫ್ಯಾಮಿಲಿ ಪ್ಯಾಕ್ ತಂದು ಕೊಯ್ಯುವುದು ಮೇಲು. ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ 700 ಎಂ.ಎಲ್.ನ ಗಟ್ಟಿಯನ್ನು ಎಂಟು ಹೋಳು ಮಾಡಿದರೆ ಒಂದೊಂದೂ 85 ಎಂ.ಎಲ್. ಚಿಲ್ಲರೆ; ಒತ್ತುವುದಿಲ್ಲ, ಗಾಳಿ ಹೋಗುವುದಿಲ್ಲ, ಜಗಳವೂ ಇಲ್ಲ. ಹಿಂದೆಲ್ಲ ಮನೆಗಳಲ್ಲಿ ಹೀಗೇ ಕೊಯ್ದು ಕೊಡುತ್ತಿದ್ದರು. ಸ್ಕೂಪಿನ ಉಂಡೆ ಚೆಂದವೆಂದು ಯಾರು ತೀರ್ಮಾನಿಸಿದರೋ.

ಈಗ ತಿನ್ನುವವರ ಕಡೆ ಬರೋಣ. ಅಪಾರ್ಟ್‌ಮೆಂಟಿನ ಪಾರ್ಟಿ ಹಾಲಿನಲ್ಲಿ ಒಂದು ಹುಟ್ಟುಹಬ್ಬ, 40 ದೊಡ್ಡವರು, 25 ಮಕ್ಕಳು ಎಂದುಕೊಳ್ಳಿ. ಕೇಕ್ ಇದೆ, ಊಟವೂ ಇದೆ. ಅಂಥಲ್ಲಿ ಒಬ್ಬರಿಗೆ ಒಂದು ಸ್ಕೂಪ್ ಧಾರಾಳ ಸಾಕು. ದೊಡ್ಡವರಲ್ಲಿ ಏಳೆಂಟು ಜನ ಬೇಡ ಎನ್ನುತ್ತಾರೆ: ಒಬ್ಬರಿಗೆ ಗಂಟಲು, ಒಬ್ಬರಿಗೆ ಹಲ್ಲು ಜುಮ್ಮೆನ್ನುತ್ತದೆ, ಒಬ್ಬರಿಗೆ ಅಂದು ಏಕಾದಶಿ. ಸಕ್ಕರೆ ಕಾಯಿಲೆಯವರು ಮಾತ್ರ ಬೇಡ ಎನ್ನುವವರ ಪಟ್ಟಿಗೆ ಸೇರುತ್ತಾರೆಂದು ಭಾವಿಸಬೇಡಿ. 'ನಂಗೆ ಶುಗರ್ ಇದೆ ಕಣಮ್ಮಾ, ಒಂಚೂರು ಹಾಕು ಸಾಕು' ಎನ್ನುವ ದೊಡ್ಡಮ್ಮ ಬಟ್ಟಲು ಹಿಡಿದು ನಿಂತೇ ಇರುತ್ತಾರೆ, ಒಂಚೂರು ಹಾಕಿದ ಮೇಲೂ ನಿಂತೇ ಇರುತ್ತಾರೆ. ಹಾಗಾಗಿ ದೊಡ್ಡವರದು 32.

ಮಕ್ಕಳಲ್ಲಿ ಎರಡು ಬಗೆ. ಐದರೊಳಗಿನವು ಅರ್ಧ ತಿಂದು ಅರ್ಧ ಅಂಗಿಗೆ ಸುರಿದುಕೊಳ್ಳುತ್ತವೆ. ಅವಕ್ಕೆ ಅರ್ಧ ಸ್ಕೂಪೇ ಸಾಕಾದರೂ ಅರ್ಧ ಕೊಟ್ಟರೆ ಅಮ್ಮಂದಿರಿಗೆ ಬೇಜಾರು, ಒಂದೇ ಎಂದು ಬರೆದುಕೊಳ್ಳಿ. ಆರರಿಂದ ಹದಿನಾಲ್ಕರವು ಖಂಡಿತ ಎರಡನೇ ಸಲ ಬರುತ್ತವೆ. 'ಆಂಟೀ, ಇನ್ನೊಂದು ಕೊಡಿ, ನಮ್ಮಜ್ಜಿಗೆ' ಎಂದು ಬರುವ ಹುಡುಗನ ಅಜ್ಜಿ ತುಮಕೂರಿನಲ್ಲಿ ಇರುತ್ತಾರೆ, ಕೇಳಲು ಹೋಗಬೇಡಿ. 25 ಮೊದಲ ಸಲ, 15 ಎರಡನೇ ಸಲ. ಒಟ್ಟು 72 ಸ್ಕೂಪ್, 75 ಎಂ.ಎಲ್.ನಂತೆ 5,400 ಎಂ.ಎಲ್. ಒಂದು 4 ಲೀಟರಿನ ಟಬ್ಬು, ಎರಡು 700ರ ಪ್ಯಾಕು, ಲೆಕ್ಕ ಚುಕ್ತಾ. ಇದೇ ಜನಕ್ಕೆ 'ಎರಡು ದೊಡ್ಡ ಡಬ್ಬ' ತಂದಿದ್ದರೆ ಎರಡೂವರೆ ಲೀಟರಿಗೂ ಹೆಚ್ಚು ಉಳಿಯುತ್ತಿತ್ತು.

ಅದೇ ಜನಕ್ಕೆ ಊಟವಿಲ್ಲದೆ, ಮಧ್ಯಾಹ್ನ ಮೂರು ಗಂಟೆಯ ಬಿಸಿಲಲ್ಲಿ ಐಸ್‌ಕ್ರೀಮೇ ಮುಖ್ಯ ಆಕರ್ಷಣೆಯಾದರೆ ತಲೆಗೆ ಎರಡು ಸ್ಕೂಪ್ ಹಿಡಿಯಿರಿ. ಮಳೆ ಹಿಡಿದ ಸಂಜೆಯಾದರೆ ಬೇಡ ಎನ್ನುವವರು ಏರುತ್ತಾರೆ, ಆದರೆ ಮಕ್ಕಳು ಇಳಿಯುವುದಿಲ್ಲ. ಇನ್ನು ಕರಾವಳಿಯ ಮನೆಯವರು ಪಾರ್ಟಿಯಲ್ಲಿ ಗಡ್‌ಬಡ್ ಮಾಡೋಣ ಎಂದರೆ ಬೇರೆಯೇ ಲೆಕ್ಕ. ಉದ್ದ ಗ್ಲಾಸಿನಲ್ಲಿ ಜೆಲ್ಲಿ, ಹಣ್ಣು, ಗೋಡಂಬಿಗಳ ನಡುವೆ ಮೂರು ಬಗೆಯ ಐಸ್‌ಕ್ರೀಮ್ ಇಳಿಯಬೇಕು, ಗ್ಲಾಸಿಗೆ ಮೂರು ಸ್ಕೂಪ್. 65 ಜನಕ್ಕೆ ಹದಿನಾಲ್ಕೂವರೆ ಲೀಟರ್ ದಾಟುತ್ತದೆ. ಉಡುಪಿ, ಮಂಗಳೂರಿನ ಐಸ್‌ಕ್ರೀಮ್ ಪಾರ್ಲರುಗಳು ಇರುವುದೇ ಅದಕ್ಕೆ. ಎಲ್ಲರನ್ನೂ ಅಲ್ಲಿಗೇ ಕರೆದುಕೊಂಡು ಹೋಗುವುದು ಸುಲಭ.

ಬಗೆಗಳ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಎರಡು, ಅಬ್ಬಬ್ಬಾ ಎಂದರೆ ಮೂರು. ನಾಲ್ಕಿಟ್ಟರೆ ಪ್ರತಿಯೊಬ್ಬರಿಗೂ ನಾಲ್ಕರದ್ದೂ ರುಚಿ ಬೇಕು, ಆಮೇಲೆ ನಾಲ್ಕು ಟಬ್ಬಿನ ತಳದಲ್ಲೂ ಒಂದೊಂದು ಹಿಡಿ ಉಳಿಯುತ್ತದೆ. ಅರ್ಧ ಪಾಲು ವೆನಿಲ್ಲಾ ಇರಲಿ. ವೆನಿಲ್ಲಾ ಯಾರ ಮೊದಲ ಆಯ್ಕೆಯೂ ಅಲ್ಲ, ಆದರೆ ಬೇಡ ಎನ್ನುವವರೂ ಇಲ್ಲ. ಜೊತೆಗೆ ಜಾಮೂನಿಗೂ ಹಣ್ಣಿಗೂ ಹೊಂದುತ್ತದೆ. ಉಳಿದರ್ಧ ಚಾಕೊಲೇಟ್ ಅಥವಾ ಬಟರ್‌ಸ್ಕಾಚ್. ಮೇ ತಿಂಗಳಲ್ಲಿ ಮಾವಿನ ಐಸ್‌ಕ್ರೀಮ್ ಕೊಳ್ಳುವುದು ನನಗೆ ಅರ್ಥವಾಗದ ಸಂಗತಿ, ಮನೆಯಲ್ಲಿ ಹಣ್ಣೇ ಇರುವಾಗ.

ಮದುವೆಯ ಲೆಕ್ಕ ಇದಕ್ಕಿಂತ ದೊಡ್ಡದು, ಆದರೆ ವಿಚಿತ್ರವೆಂದರೆ ಸುಲಭ. ಪಂಕ್ತಿಯಲ್ಲಿ ಎಲೆಯ ಮುಂದೆ ಕಪ್ ಇಟ್ಟುಕೊಂಡು ಹೋಗುತ್ತಾರೆ, ಬೇಕೇ ಬೇಡವೇ ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಎಲೆ ಎಷ್ಟೋ ಕಪ್ ಅಷ್ಟು. ಎಲೆ ಲೆಕ್ಕ ಕಾಂಟ್ರಾಕ್ಟರ್ ಹತ್ತಿರ ಹೇಗೂ ಇರುತ್ತದೆ. ಅದಕ್ಕೆ ಅಡುಗೆಯವರು, ಬಡಿಸುವ ಹುಡುಗರು, ವಾಲಗದವರು, ಫೋಟೊದವರು, ಛತ್ರದ ಕಸ ಗುಡಿಸುವವರು, ಬಸ್ಸಿನ ಡ್ರೈವರು ಇವರನ್ನು ಸೇರಿಸಿ. ಕೊನೆಯ ಪಂಕ್ತಿಯಲ್ಲಿ ಇವರು ಕೂತಾಗಲೇ ಕಪ್ ಮುಗಿದಿರುತ್ತದೆ, ಎಷ್ಟೋ ಮದುವೆಗಳಲ್ಲಿ ಇದನ್ನು ನೋಡಿದ್ದೇನೆ. ಅಂಥ ಕಡೆ ದೊಡ್ಡ ಕಪ್ ದಂಡ. ಪಾಯಸ, ಹೋಳಿಗೆ, ಇನ್ನೊಂದು ಸಿಹಿ ಎಲ್ಲ ಆದ ಮೇಲೆ 100 ಎಂ.ಎಲ್. ಕಪ್ಪನ್ನು ಪೂರ್ತಿ ಮುಗಿಸುವವರು ಕಡಿಮೆ. ಅರ್ಧ ತಿಂದು ಉಳಿಸಿದ್ದು ಎಲೆಯ ಮೇಲೆ ಕರಗಿ ಉಪ್ಪಿನಕಾಯಿಯ ಕಡೆ ಹರಿಯುತ್ತಿರುತ್ತದೆ. 50 ಎಂ.ಎಲ್. ಕಪ್ಪೇ ಅಲ್ಲಿ ಸರಿ.

ಸಂಜೆಯ ಆರತಕ್ಷತೆಯ ಬಫೆಯಲ್ಲಿ ಮಾತ್ರ ಎಲೆಗೊಂದು ಕಪ್ ಎಂಬ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಬೇಕಾದವರು ಮಾತ್ರ ಕೌಂಟರಿಗೆ ಬರುತ್ತಾರೆ, ಬಂದವರು ಒಂದಕ್ಕೇ ಹೋಗುವುದಿಲ್ಲ. ಬಾರದವರ ಪಾಲನ್ನು ಎರಡನೇ ಸಲ ಬಂದವರು ತಿನ್ನುತ್ತಾರೆ ಎಂದು ಹಿಡಿದು ತಲೆಗೊಂದು ಸ್ಕೂಪ್ ಲೆಕ್ಕ ಹಾಕಿದರೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ತಲೆ ಎಷ್ಟು ಎಂಬುದೇ ಅಲ್ಲಿನ ಕಷ್ಟ. 'ಸಕುಟುಂಬ ಸಮೇತರಾಗಿ' ಎಂದು ಅಚ್ಚು ಹಾಕಿಸಿದ ಮೇಲೆ ಎಷ್ಟು ಜನ ಬರುತ್ತೀರಿ ಎಂದು ಕೇಳುವ ಬಾಯಿ ನಮಗಿಲ್ಲ.

ಇಂಥ ಅಂದಾಜಿಲ್ಲದ ಜಾಗಕ್ಕೆಂದೇ ನಮ್ಮ ಅಡುಗೆಯವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಅದೇ ಫ್ರೂಟ್ ಸಲಾಡ್. ರಿಸೆಪ್ಷನ್‌ಗಳಲ್ಲಿ ಐಸ್‌ಕ್ರೀಮ್ ಪಕ್ಕದಲ್ಲಿ ಅದು ಇರುವುದು ಬರೀ ರುಚಿಗಲ್ಲ. ಜನ ಕಡಿಮೆ ಇದ್ದಾಗ ಬಟ್ಟಲಿಗೆ ಒಂದು ಸೌಟು ಹಣ್ಣು, ಮೇಲೆ ದೊಡ್ಡ ಸ್ಕೂಪ್. ಎಂಟೂವರೆಗೆ ಜನ ನುಗ್ಗಿದಾಗ ಕೌಂಟರಿನ ಹುಡುಗನ ಕೈ ತಾನಾಗಿ ಬದಲಾಗುತ್ತದೆ: ಎರಡು ಸೌಟು ಹಣ್ಣು, ಮೇಲೆ ಚಿಕ್ಕ ಉಂಡೆ. ಬಟ್ಟಲು ತುಂಬಿಯೇ ಇರುತ್ತದೆ, ಯಾರಿಗೂ ಕಡಿಮೆಯಾಯಿತು ಎನಿಸುವುದಿಲ್ಲ. ಬಿಸಿ ಜಾಮೂನು, ಕ್ಯಾರೆಟ್ ಹಲ್ವದ ಜೊತೆ ವೆನಿಲ್ಲಾ ಕೊಡುವುದೂ ಇದೇ ಕೆಲಸ ಮಾಡುತ್ತದೆ; ಅಲ್ಲಿ 40 ಎಂ.ಎಲ್. ಇದ್ದರೂ ಮೇಲಾಯಿತು. ಮನೆಯ ಪಾರ್ಟಿಗೂ ಇದನ್ನೇ ಮಾಡಿ. ಇನ್ನೊಂದು ಟಬ್ಬು ಹೆಚ್ಚಿಗೆ ತರುವ ಬದಲು ಎರಡು ಡಜನ್ ಏಲಕ್ಕಿ ಬಾಳೆ, ಒಂದು ಪಪ್ಪಾಯ, ಒಂದಿಷ್ಟು ದ್ರಾಕ್ಷಿ, ದಾಳಿಂಬೆ ತಂದಿಟ್ಟುಕೊಳ್ಳಿ. ಐಸ್‌ಕ್ರೀಮ್ ಸಾಲದಿದ್ದರೆ ಅವು ಬಟ್ಟಲಿಗೆ; ಸಾಕಾದರೆ ಫ್ರಿಜ್ಜಿಗೆ, ನಾಳೆಯ ತಿಂಡಿಗೆ.

ಫ್ರಿಜ್ಜಿನ ಮಾತು ಬಂತು. ಐಸ್‌ಕ್ರೀಮ್ ಇಡಬೇಕಾದದ್ದು ಮೈನಸ್ 18 ಡಿಗ್ರಿಯಲ್ಲಿ. ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಆ ಮಟ್ಟದ ಚಳಿ ನಿಲ್ಲುವುದು ಕಷ್ಟ. ಪಾರ್ಟಿಯ ದಿನ ನೀರಿಗೆ, ಜ್ಯೂಸಿಗೆ, ಐಸಿಗೆ ಎಂದು ಹತ್ತು ಕೈ ಬಾಗಿಲು ತೆರೆಯುವಾಗಂತೂ ಆಗದ ಮಾತು. ಡಬಲ್ ಡೋರ್ ಇದ್ದರೂ 4 ಲೀಟರಿನ ಟಬ್ಬು ಖಾನೆಯ ಎತ್ತರಕ್ಕೆ ಹಿಡಿಯುತ್ತದೆಯೇ ಎಂದು ಹಿಂದಿನ ದಿನವೇ ಸ್ಕೇಲ್ ಇಟ್ಟು ನೋಡಿ. ಹಿಡಿಯದಿದ್ದರೆ ಟಬ್ಬಿನ ಬದಲು ಚಿಕ್ಕ ಪ್ಯಾಕುಗಳೇ ಲೇಸು. ಸ್ವಲ್ಪ ದುಬಾರಿ ನಿಜ, ಆದರೆ ಬಡಿಸುವಾಗ ಅವುಗಳಿಂದ ಇನ್ನೊಂದು ಲಾಭವಿದೆ. ಗಟ್ಟಿ ಐಸ್‌ಕ್ರೀಮಿನಲ್ಲಿ ಒಬ್ಬರು ನಿಮಿಷಕ್ಕೆ ನಾಲ್ಕೈದು ಸ್ಕೂಪಿಗಿಂತ ಹೆಚ್ಚು ತೆಗೆಯಲಾರರು. 65 ಜನಕ್ಕೆ ಕಾಲು ಗಂಟೆ. ಬೇಸಿಗೆಯಲ್ಲಿ ಮುಚ್ಚಳ ತೆಗೆದ ದೊಡ್ಡ ಟಬ್ಬು ಕಾಲು ಗಂಟೆ ಮೇಜಿನ ಮೇಲಿದ್ದರೆ ಬದಿಯಿಂದ ನೀರಾಗುತ್ತ ಬರುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳಾದರೆ ಅಷ್ಟು ಹೊತ್ತೂ ಬೇಡ. ಚಿಕ್ಕ ಪ್ಯಾಕುಗಳಾದರೆ ಒಂದು ಮುಗಿದ ಮೇಲೆ ಒಂದು ಹೊರಗೆ ಬರಲಿ. ತೆರೆಯದ ಪ್ಯಾಕು ಉಳಿದರೆ ಅದು ನಷ್ಟವಲ್ಲ, ತೆರೆದ ಟಬ್ಬು ಉಳಿದರೆ ನಷ್ಟ.

ಫ್ರೀಜರ್ ಸಾಲದ ಮನೆಗೆ ಥರ್ಮಾಕೋಲ್ ಡಬ್ಬವೇ ಗತಿ. ತಳಕ್ಕೆ ಐಸ್ ಪುಡಿ ಹಾಕಿ ಮೇಲೆ ಕಲ್ಲುಪ್ಪು ಉದುರಿಸಿ. ಬರೀ ಐಸು ಸೊನ್ನೆ ಡಿಗ್ರಿಯಲ್ಲಿ ಕರಗುತ್ತದೆ, ಐಸ್‌ಕ್ರೀಮಿಗೆ ಆ ಚಳಿ ಸಾಲದು. ಉಪ್ಪು ಸರಿಯಾದ ಪ್ರಮಾಣದಲ್ಲಿ ಬೆರೆತರೆ ಮೈನಸ್ 21ರ ತನಕ ಇಳಿಸಬಹುದು. ಕೆಲವು ಕಡೆ ಡ್ರೈ ಐಸ್ ಹಾಕಿ ಕೊಡುತ್ತಾರೆ. ಅದು ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟಂತಾಗುತ್ತದೆ. ಅದು ಆವಿಯಾಗುವಾಗ ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟುತ್ತದೆ, ಆದ್ದರಿಂದ ಕಾರಿನಲ್ಲಿ ತರುವಾಗ ಕಿಟಕಿ ಇಳಿಸಿರಿ. ಹೊಗೆ ಬರುತ್ತದೆಂದು ಮಕ್ಕಳ ಕೈಗಂತೂ ಕೊಡಲೇಬೇಡಿ.

ಕೊಳ್ಳುವ ಜಾಗದಲ್ಲೂ ಒಂದು ಮಾತು ಕೇಳಬೇಕು. ನೂರು ಕಪ್ಪಿನ ಮೇಲೆ ತೆಗೆದುಕೊಳ್ಳುವಾಗ ಚಿಲ್ಲರೆ ಅಂಗಡಿ ಬಿಟ್ಟು ಊರಿನ ಏಜೆನ್ಸಿಗೇ ಹೋಗಿ. 'ಅಣ್ಣಾ, ಒಡೆಯದ ಬಾಕ್ಸ್ ವಾಪಸ್ ತಗೋತೀರಾ?' ಎಂದು ಮೊದಲೇ ಕೇಳಿ. ಅವರದೇ ಫ್ರೀಜರನ್ನು ಛತ್ರಕ್ಕೆ ಕಳಿಸಿದ್ದರೆ ಕೆಲವರು ಒಪ್ಪುತ್ತಾರೆ, ಮನೆಗೆ ಒಯ್ದದ್ದನ್ನು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ವಾಪಸ್ ಇದ್ದರೆ ಧೈರ್ಯವಾಗಿ ಹೆಚ್ಚು ತನ್ನಿ. ಇಲ್ಲದಿದ್ದರೆ ಲೆಕ್ಕಕ್ಕಿಂತ ಒಂದು ಪ್ಯಾಕ್ ಕಡಿಮೆಯೇ ತನ್ನಿ ಎಂಬುದು ನನ್ನ ಸಲಹೆ, ಅದರಲ್ಲೂ ಬೆಂಗಳೂರಿನಲ್ಲಿದ್ದರೆ. ಈಗ ಅಲ್ಲಿ ಮೊಬೈಲಿನಲ್ಲಿ ಒತ್ತಿದ ಸ್ವಲ್ಪ ಹೊತ್ತಿಗೆ ಫ್ಯಾಮಿಲಿ ಪ್ಯಾಕ್ ಬಾಗಿಲಿಗೆ ಬರುತ್ತದೆ, ಬೀದಿಯ ತುದಿಯ ಆ ಗೋದಾಮನ್ನೇ ನಿಮ್ಮ ಫ್ರೀಜರ್ ಎಂದುಕೊಳ್ಳಬಹುದು. ಶಿರಸಿಯಲ್ಲೋ ಸಿಂಧನೂರಿನಲ್ಲೋ ಇದ್ದರೆ ಹಾಗಲ್ಲ. ರಾತ್ರಿ ಒಂಬತ್ತರ ಮೇಲೆ ಯಾವ ಬೇಕರಿ ತೆರೆದಿರುತ್ತದೆ, ಅಲ್ಲಿ ಏನು ಸಿಗುತ್ತದೆ ಎಂದು ತಿಳಿದಿಟ್ಟುಕೊಂಡು, ಬೈಕ್ ಇರುವ ಹುಡುಗನೊಬ್ಬನನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಇಷ್ಟಾದರೂ ಉಳಿಯಿತು ಎನ್ನಿ. ಪೂರ್ತಿ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಇಡಬೇಡಿ. ಒಳಗಿನ ಗಾಳಿ ಹೋಗಿ, ಮರಳಿನಂಥ ಹರಳು ಕಟ್ಟುತ್ತದೆ. ಬೆಚ್ಚಗಿದ್ದಷ್ಟು ಹೊತ್ತು ಹಾಲಿನ ಪದಾರ್ಥದಲ್ಲಿ ಬೆಳೆದ ಸೂಕ್ಷ್ಮಾಣುಗಳು ಮತ್ತೆ ಹೆಪ್ಪುಗಟ್ಟಿಸಿದ ಮಾತ್ರಕ್ಕೆ ಸಾಯುವುದಿಲ್ಲ. ಮೆತ್ತಗಾಗಿದ್ದರೆ ಆಗಲೇ ಹಾಲು ಬೆರೆಸಿ ಮಿಲ್ಕ್‌ಶೇಕ್ ಮಾಡಿ, ಪಾತ್ರೆ ತೊಳೆಯಲು ನಿಂತವರಿಗೆಲ್ಲ ಒಂದೊಂದು ಲೋಟ ಕೊಡಿ. ಗಟ್ಟಿಯಾಗಿಯೇ ಇರುವ ಅರ್ಧ ಟಬ್ಬಿನ ಮೇಲೆ ಬಟರ್ ಪೇಪರ್ ಒತ್ತಿ ಮುಚ್ಚಳ ಹಾಕಿಟ್ಟರೆ ಮೇಲೆ ಹಿಮದ ಪದರ ಕಟ್ಟುವುದು ತಪ್ಪುತ್ತದೆ. ತೆರೆಯದ ಪ್ಯಾಕನ್ನು ಹೊರಟ ನೆಂಟರ ಕೈಗೆ ಕೊಡುವುದಾದರೆ ಅದೇ ಬೀದಿಯವರಿಗೆ ಕೊಡಿ. ಜಯನಗರದಲ್ಲಿ ಕೊಟ್ಟದ್ದು ಯಲಹಂಕ ಮುಟ್ಟುವಷ್ಟರಲ್ಲಿ ಕುಡಿಯುವ ವಸ್ತುವಾಗಿರುತ್ತದೆ.